ಬಾಯಿಗಿಟ್ಟ ಕುಂಚ

ನಮ್ಮ ಮನೆಯ ಗೋಡೆ ಗಡಿಯಾರವನ್ನು ಏನು ಮಾಡಬೇಕು ಅನ್ನುವುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದು ನಿಂತು ಬಹಳ ವರ್ಷವಾಯಿತು. ಸೊಸೆ ಗುಜರಿಯವನಿಗೆ ಹಾಕಿಬಿಡುತ್ತೇನೆ ಅಂದಳು. ನಾನು ಬೇಡ ಅಂದೆ. ಯಾಕೆ ಅಂದಳು. ಹೇಳಲು ಹೋಗಿ ಅರ್ಧಕ್ಕೇ ನಿಂತೆ, ಎಲ್ಲಿಂದ ಶುರು ಮಾಡಬೇಕು ತಿಳಿಯಲಿಲ್ಲ. ಅದಕ್ಕೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಒಂದೇ ಬೆರಳಿನಿಂದ ಹೊಡೆಯುವವನು ನಾನು. ಒಂದು ಸಾಲು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನ ಮೇಲೆ ಅನುಮಾನ ಬರುತ್ತದೆ. ಅಕ್ಷರ ಕಲಿತದ್ದೇ ಮೂವತ್ತು ದಾಟಿದ ಮೇಲೆ.

ನಾವು ನಾರಾಯಣಪೇಟೆಯ ನೇಕಾರರು. ನಲವತ್ತೆಂಟರಲ್ಲಿ ಪೋಲೀಸ್ ಆಕ್ಷನ್ ಆದಾಗ ಮನೆಯಲ್ಲಿ ನನ್ನ ತಾಯಿ, ನಾನು, ನನ್ನ ಹೆಂಡತಿ ಮೂವರೇ ಇದ್ದೆವು. ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದೆ. ಒಂದು ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಆ ಕೆಲಸ ಅವಳದು. ಎಳೆಯ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ನಾಲಿಗೆಯ ತುದಿಯಲ್ಲಿ ಚೂಪು ಮಾಡಿ, ಬೆರಳಿನಲ್ಲಿ ಹೊಸೆಯುವುದು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ. ತಾಯಂದಿರು ಮಾಡುವುದನ್ನು ನೋಡಿ ಬಂದುಬಿಡುತ್ತದೆ. ನನ್ನ ಹೆಂಡತಿಯ ಕೈ ಓಣಿಗೆಲ್ಲ ಹೆಸರಾಗಿತ್ತು. ಅವಳು ಕೂಡಿಸಿದ ಎಳೆ ಬಿಚ್ಚಿಕೊಂಡದ್ದು ನನಗೆ ನೆನಪಿಲ್ಲ.

ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಮುಸಲ್ಮಾನರು, ತೀರಿಕೊಂಡ ನಮ್ಮಪ್ಪನ ಸ್ನೇಹಿತರು. ಪಟ್ನದಲ್ಲಿ, ಅಂದರೆ ಹೈದರಾಬಾದಿನಲ್ಲಿ, ಕೆಲಸ ಕಲಿತು ಬಂದಿದ್ದರು. ನಾವು ಅವರನ್ನು ಚಾಚಾ ಅನ್ನುತ್ತಿದ್ದೆವು. ಮಿಲಿಟರಿಯವರು ಬಂದು ನಿಜಾಮ ಸರ್ಕಾರ ಬಿದ್ದುಹೋದ ಮೇಲೆ ಯಾರು ಯಾರಿಗೆ ಹೆದರಬೇಕು ಅನ್ನುವುದೇ ತಲೆಕೆಳಗಾಯಿತು. ಮೊದಲು ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ಆಮೇಲೆ ಚಾಚಾನಂಥ ಮುಸಲ್ಮಾನರು. ಒಂದು ಮಧ್ಯಾಹ್ನ ಚಾಚಾ ತಲೆಯ ಮೇಲೆ ಗೋಣಿಚೀಲ ಹೊದ್ದುಕೊಂಡು, ಸಾಮಾನಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಹೊಸ್ತಿಲಲ್ಲಿ ನಿಂತರು. ನನ್ನ ತಾಯಿ ಅವರನ್ನು ಒಳಗೆ ಕರೆದು ಬಾಗಿಲು ಹಾಕಿದಳು. ನೂಲಿನ ಕೋಣೆ ತೋರಿಸಿದಳು.

ಆ ಕೋಣೆಗೆ ಕಿಟಕಿ ಇಲ್ಲ. ಬಿಸಿಲು ಬಿದ್ದರೆ ರೇಷ್ಮೆಯ ಬಣ್ಣ ಹೋಗುತ್ತದೆಂದು ಹಾಗೆ ಕಟ್ಟಿಸಿದ್ದು. ಆಗ ಅಲ್ಲಿ ನೂಲೂ ಇರಲಿಲ್ಲ. ಗದ್ದಲ ಶುರುವಾದಾಗಿನಿಂದ ನೂಲು ಬರುವುದೇ ನಿಂತುಹೋಗಿತ್ತು, ಮಗ್ಗ ಸುಮ್ಮನೆ ಕೂತಿತ್ತು. ಚಾಚಾ ಅಲ್ಲಿ ಹತ್ತು ಹನ್ನೆರಡು ದಿನ ಇದ್ದರು. ಒಂದು ದಿನ ನನ್ನ ಹೆಂಡತಿ ಊಟ ಕೊಡಲು ಹೋದವಳು ಅಲ್ಲಿಂದಲೇ ನನ್ನನ್ನು ಕರೆದಳು. ಹೋಗಿ ನೋಡಿದರೆ ಚಾಚಾನ ಅಂಗೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಶೀಶೆ. ಅದರೊಳಗಿನ ಪುಡಿ ಹಗಲಲ್ಲೇ, ಆ ಕತ್ತಲ ಕೋಣೆಯಲ್ಲಿ, ಹಸಿರಾಗಿ ಹೊಳೆಯುತ್ತಿತ್ತು.

"ಮಿಣುಕುಹುಳ ಹಿಡದು ಕುಟ್ಟಿ ತುಂಬೀರೇನ್ರಿ ಚಾಚಾ?" ಅಂದಳು ಇವಳು.

"ರೇಡಿಯಂ ಬೇಟಿ," ಅಂದರು ಅವರು. "ಗಡಿಯಾರದ ಮುಳ್ಳಿಗೆ ಹಚ್ಚೂದು. ಕತ್ತಲ್ಯಾಗೂ ಟೈಂ ಕಾಣತೈತಿ."

ಶೀಶೆಯ ಸುತ್ತ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ಕೆಂಪು ಅಕ್ಷರಗಳು, ಇಂಗ್ಲಿಷಿನವು. ಚಾಚಾನಿಗೆ ಉರ್ದು ಬರುತ್ತಿತ್ತು. ನನಗೆ ಯಾವುದೂ ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ನಾವು ಯಾರೂ ಯಾರನ್ನೂ ಕೇಳಲಿಲ್ಲ. ಕೆಂಪು ಚೆನ್ನಾಗಿದೆ ಅಂತ ಮಾತ್ರ ಅನ್ನಿಸಿದ್ದು ನೆನಪಿದೆ.

ಊರು ತಣ್ಣಗಾದ ಮೇಲೆ ಚಾಚಾ ಅಂಗಡಿ ತೆಗೆದರು. ಈಗ ಹೊಸ ಆಫೀಸರುಗಳು, ಅವರ ಕೈಗಡಿಯಾರಗಳು. ಅವರದನ್ನು ನೋಡಿ ನಮ್ಮ ವ್ಯಾಪಾರಸ್ಥರಿಗೂ ಕತ್ತಲಲ್ಲಿ ಹೊಳೆಯುವ ಗಡಿಯಾರವೇ ಬೇಕು. ಆದರೆ ನೂಲಿನ ಕೋಣೆಯಿಂದ ಹೊರಗೆ ಬಂದಾಗಿನಿಂದ ಚಾಚಾನ ಕೈ ನಡುಗುತ್ತಿತ್ತು. ಅಂಕಿಯ ಮೇಲೆ ಚುಕ್ಕೆ ಇಡಲು ಹೋದರೆ ಪಕ್ಕಕ್ಕೆ ಬೀಳುತ್ತಿತ್ತು. ನಿನ್ನ ಮನೆಯಾಕೆಯ ಕೈ ಸಣ್ಣ ಕೆಲಸಕ್ಕೆ ಬಂದಿದೆ, ಕೇಳಿ ನೋಡು ಅಂದರು. ನಾನು ಕೇಳಿದೆ. ಈ ಒಂದು ಮಾತನ್ನು ಎರಡು ಸಲ ಅಳಿಸಿ ಮತ್ತೆ ಹೊಡೆದೆ. ಚಾಚಾ ನೇರವಾಗಿ ಅವಳನ್ನು ಕೇಳಲಿಲ್ಲ, ಅವಳೂ ಬಯಸಿ ಹೋಗಲಿಲ್ಲ. ನಡುವೆ ನಿಂತು ಕೇಳಿದವನು ನಾನೇ. ಆಮೇಲೆ ಗಡಿಯಾರದ ಅಂಕಿ ಬರೆದ ಬಿಲ್ಲೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಡುವವನೂ, ಒಣಗಿದ ಮೇಲೆ ಒಯ್ಯುವವನೂ ನಾನೇ.

ಪುಡಿಗೆ ಅಂಟು, ನೀರು ಬೆರೆಸಿ ಚಾಚಾ ಕೊಡುತ್ತಿದ್ದರು. ಕುಂಚಕ್ಕೆ ನಾಲ್ಕೇ ಕೂದಲು. ಎರಡು ಚುಕ್ಕೆ ಇಡುವಷ್ಟರಲ್ಲಿ ಅವು ಹರಡಿಕೊಳ್ಳುತ್ತವೆ. ಮೊದಲ ದಿನವೇ ಇವಳು ಕುಂಚವನ್ನು ಸೀದಾ ತುಟಿಗೆ ಇಟ್ಟಳು, ಎಳೆಯ ತುದಿ ಇಟ್ಟ ಹಾಗೆ. ಚೂಪು ಮಾಡಿ ಚುಕ್ಕೆ ಇಟ್ಟಳು. ಚಾಚಾ ಪಕ್ಕದಲ್ಲಿ ಕೂತಿದ್ದರು.

"ಬಟ್ಟಿಗೆ ಒರಸು ಬೇಟಿ. ಬಣ್ಣ ನಿನ್ನ ಹೊಟ್ಟಿಗೆ ಹೋದ್ರ ಗಡಿಯಾರಕ್ಕ ಏನು ಉಳೀತೈತಿ?"

"ಬಟ್ಟಿಗೆ ಒರಸಿದ್ರ ಬಟ್ಟಿ ಕುಡೀತೈತ್ರಿ ಚಾಚಾ. ನಾಲಿಗಿಗೆ ಏನೂ ಹತ್ತೂದಿಲ್ಲ."

ಅದೂ ನಿಜವೇ. ಅವಳು ಮಾಡಿದರೆ ಬಣ್ಣ ಕಡಿಮೆ ಖರ್ಚಾಗುತ್ತಿತ್ತು. ಚಾಚಾ ನಕ್ಕು ಮುಂದಿನ ಬಿಲ್ಲೆ ಕೊಟ್ಟರು. ಅವರು ಬೇಡ ಅಂದದ್ದು ಬಣ್ಣ ಉಳಿಸಲೋ, ಬೇರೆ ಏನಾದರೂ ಗೊತ್ತಿತ್ತೋ, ಈ ಪ್ರಶ್ನೆಯನ್ನು ಬಹಳ ಸಲ ಹೊರಳಿಸಿ ನೋಡಿದ್ದೇನೆ. ಗೊತ್ತಿದ್ದರೆ ನಗುತ್ತಿರಲಿಲ್ಲ ಅಂದುಕೊಳ್ಳುತ್ತೇನೆ.

ಕೆಲಸ ಮುಗಿಸಿ ಅವಳು ನೂಲಿನ ಕೋಣೆಗೆ ಹೋದರೆ ತುಟಿಯ ಅಂಚು ಹೊಳೆಯುತ್ತಿತ್ತು. ನಕ್ಕರೆ ಹಲ್ಲಿನ ಸಂದಿ ಕೂಡ. ಆಗ ಸೀಮೆಎಣ್ಣೆ ಸಿಗುವುದು ಕಷ್ಟ. "ಇನ್ನ ದೀಪ ಯಾಕ," ಅನ್ನುತ್ತಿದ್ದಳು ನನ್ನ ತಾಯಿ, "ಸೊಸಿ ನಕ್ಕೋಂತ ಮುಂದ ಹೋದ್ರ ಸಾಕು, ಹಿಂದ ನಾವು ಹೊಕ್ಕೀವಿ." ಇವಳು ಇನ್ನೂ ನಗುತ್ತಿದ್ದಳು. ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ. ನೆನೆಸಿಕೊಂಡರೆ ಖುಷಿಯಾಗಬೇಕೋ ದುಃಖವಾಗಬೇಕೋ ನನಗೆ ತಿಳಿಯುವುದಿಲ್ಲ, ಎರಡೂ ಒಟ್ಟಿಗೆ ಬರುತ್ತವೆ.

ತಮಗೆ ಆಸರೆ ಕೊಟ್ಟದ್ದಕ್ಕೆ ಚಾಚಾ ಒಂದು ಗೋಡೆ ಗಡಿಯಾರ ಕೊಟ್ಟರು. ಇದೇ ಅದು. ಅದರ ಅಂಕಿಗಳಿಗೆಲ್ಲ ಇವಳು ಚುಕ್ಕೆ ಇಟ್ಟಳು. ಅಷ್ಟಕ್ಕೆ ಬಿಡದೆ ನಮ್ಮ ಸೀರೆಯ ಅಂಚಿನಲ್ಲಿ ಬರುವ ಗೋಪುರದ ಸಾಲನ್ನು ಸುತ್ತಲೂ ಬರೆದಳು. ಒಂದೊಂದು ಗೋಪುರಕ್ಕೂ ಕುಂಚ ಬಾಯಿಗೆ ಹೋಗಿ ಬಂತು.

ಮೂರು ವರ್ಷ ಈ ಕೆಲಸ ನಡೆಯಿತು. ಆಮೇಲೆ ಚಾಚಾ ಅಂಗಡಿಯನ್ನು ಮಕ್ತಲಿಗೆ ಸಾಗಿಸಿದರು. ನೂಲು ಬರತೊಡಗಿತ್ತು, ನಾವು ಮಗ್ಗಕ್ಕೆ ಮರಳಿದೆವು. ಮಗ ಹುಟ್ಟಿದ. ಕುಂಚ ಮರೆತುಹೋಯಿತು.

ಹೈದರಾಬಾದ್ ರಾಜ್ಯ ಒಡೆದು ನಮ್ಮೂರು ಆಂಧ್ರಕ್ಕೆ ಸೇರುವುದಕ್ಕೆ ಎರಡು ವರ್ಷ ಮುಂಚೆ ಅವಳ ಕೆಳಗಿನ ಒಂದು ದವಡೆ ಹಲ್ಲು ಅಲುಗಾಡತೊಡಗಿತು. ರಾಯಚೂರಿಗೆ ಕರೆದುಕೊಂಡು ಹೋಗಿ ಕೀಳಿಸಿದೆ. ಹಲ್ಲು ಕಿತ್ತುಬಂತು, ಗಾಯ ಮಾಯಲಿಲ್ಲ. ಪಕ್ಕದ ಹಲ್ಲೂ ಉದುರಿತು. ಆಮೇಲೆ ಒಸಡಿನಲ್ಲಿ ಎಲುಬು ಕಾಣತೊಡಗಿತು. ನಮ್ಮ ಬಾವಿಯ ನೀರೇ ಹಲ್ಲಿಗೆ ಕೆಟ್ಟದ್ದು ಅಂದರು ಪಕ್ಕದ ಮನೆಯವರು. ಇವಳು ತಿಕ್ಕುವ ತಂಬಾಕಿನ ಪುಡಿಯಿಂದ ಅಂದಳು ನನ್ನ ತಾಯಿ. ಬಾಣಂತನದಲ್ಲಿ ಪಥ್ಯ ತಪ್ಪಿದ್ದರಿಂದ ಅಂದರು ಅವಳ ತವರಿನವರು. ಯಾರು ಕೊನೆಗೆ ಹೇಳಿದರೋ ಅವರದು ನಿಜ ಅನ್ನಿಸುತ್ತಿತ್ತು. ನೀರು ಕಾಯಿಸಿದೆವು, ತಂಬಾಕು ಬಿಡಿಸಿದೆವು. ದವಡೆಯ ನೋವು ಮಾತ್ರ ಹಾಗೇ ಇತ್ತು. ಅವಳು ರೊಟ್ಟಿ ಬಿಟ್ಟು ಗಂಜಿಗೆ ಬಂದಳು.

ಕೊನೆಗೆ ಪಟ್ನದ ದೊಡ್ಡ ದವಾಖಾನೆಗೆ ಹೋದೆವು. ತಾಯಿಯೂ ಬಂದಳು. ಅಲ್ಲಿಯ ಡಾಕ್ಟರು ಗುಲ್ಬರ್ಗಾ ಕಡೆಯವರು, ನಮ್ಮ ಮಾತು ಬರುತ್ತಿತ್ತು. ಗಾಯದಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಸ್ಪಷ್ಟವಾಗಲಿಲ್ಲ, ಆದರೆ ಕ್ಯಾನ್ಸರ್ ಇರುವ ಹಾಗೆ ಕಾಣುತ್ತದೆ, ತಡ ಮಾಡುವುದು ಬೇಡ ಅಂದರು. ನಾಳೆ ಮಧ್ಯಾಹ್ನ ದವಡೆಯೊಳಗೆ ರೇಡಿಯಂ ಸೂಜಿ ಇಡುತ್ತೇವೆ, ಅದು ರೋಗವನ್ನು ಸುಡುತ್ತದೆ, ಕೆಲವು ದಿನ ಬಿಟ್ಟು ತೆಗೆಯುತ್ತೇವೆ ಅಂದರು.

ರೇಡಿಯಂ ಅಂದ ಕೂಡಲೇ ನನಗೆ ಹೆದರಿಕೆ ಆಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಮಾಧಾನವಾಯಿತು. ಗುರುತಿನ ವಸ್ತು, ನಮ್ಮ ಮನೆಗೆ ಬಂದು ಹೋದದ್ದು. ಆಮೇಲೆ ನಿಧಾನವಾಗಿ ಲೆಕ್ಕ ತಪ್ಪತೊಡಗಿತು. ಅದು ಔಷಧವಾಗಿದ್ದರೆ ಇವಳು ಮೂರು ವರ್ಷ ಔಷಧವನ್ನೇ ನೆಕ್ಕಿದ್ದಾಳೆ, ಮತ್ತೆ ರೋಗ ಹೇಗೆ ಬಂತು? ಅದು ವಿಷವಾಗಿದ್ದರೆ ಡಾಕ್ಟರು ಯಾಕೆ ಇಡುತ್ತಾರೆ? ಕೇಳೋಣ ಅಂದರೆ ಬಾಯಿ ಬರಲಿಲ್ಲ. ಆ ಶೀಶೆ ಚಾಚಾನ ಜೊತೆ ಅಡಗಿಕೊಂಡಿದ್ದ ಶೀಶೆ. ಅದರ ಮಾತು ತೆಗೆದರೆ ಎಲ್ಲಿಂದ ಬಂತು, ಯಾರನ್ನು ಬಚ್ಚಿಟ್ಟಿದ್ದಿರಿ ಎಂದು ವಿಚಾರಣೆ ಆದೀತು ಅನ್ನುವ ಹೆದರಿಕೆ, ಅಷ್ಟು ವರ್ಷವಾದ ಮೇಲೂ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ತಂದುಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರೆ?

ಮರುದಿನ ಮಧ್ಯಾಹ್ನ ನಾವು ಸೂಜಿ ಇಡುವ ಕೋಣೆಯ ಬಾಗಿಲಲ್ಲಿ ಕೂತಿದ್ದೆವು. ಇಬ್ಬರು ಒಂದು ಸಣ್ಣ ಪೆಟ್ಟಿಗೆ ತಂದರು. ಗಾತ್ರ ನೋಡಿದರೆ ಒಬ್ಬನೇ ಎತ್ತಬಹುದು, ಆದರೆ ಇಬ್ಬರಿಗೂ ಬೆವರು. ಸೀಸದ ಪೆಟ್ಟಿಗೆಯಂತೆ. ಒಳಗೆ ಮೇಜಿನ ಮೇಲೆ ಸೀಸದ ಗೋಡೆಯಂಥದ್ದು. ಅದರ ಹಿಂದೆ ನಿಂತು ಒಬ್ಬಾತ ಮೊಳದುದ್ದದ ಇಕ್ಕಳದಿಂದ ಸೂಜಿ ಎತ್ತಿದ. ಮುಖವನ್ನು ಆದಷ್ಟು ಹಿಂದೆ ಇಟ್ಟುಕೊಂಡಿದ್ದ. ನರ್ಸು ಬಾಗಿಲಿನ ತನಕ ಸರಿದು ನಿಂತಳು. ಸೂಜಿ ನಮ್ಮ ಅಂಚಿನ ಕೆಲಸದ ಸೂಜಿಗಿಂತ ಚಿಕ್ಕದು.

ನನ್ನ ಹೆಂಡತಿ ಅದನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಎದ್ದು ಡಾಕ್ಟರ ಹತ್ತಿರ ಹೋದಳು. ದವಡೆ ಊದಿದ್ದರಿಂದ ಮಾತು ತೊದಲುತ್ತಿತ್ತು.

"ನೀವು ಅಷ್ಟು ದೂರ ಹಿಡಿಯೋದನ್ನ ನಾನು ಬಾಯಾಗ ಇಟ್ಕೊಂಡೀನ್ರಿ. ಮೂರು ವರ್ಷ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನೋವಿನಲ್ಲಿ ಏನೋ ಅನ್ನುತ್ತಿದ್ದಾಳೆ ಎಂದು ನನ್ನ ಕಡೆ ನೋಡಿದರು. ಆಗ ನಾನು ಹೇಳಿದೆ. ಗಡಿಯಾರ, ಕುಂಚ, ಎಳೆ ಕೂಡಿಸುವ ಅಭ್ಯಾಸ, ಎಲ್ಲ. ಹಿಂದು ಮುಂದಾಗಿ ಹೇಳಿದೆ. ಚಾಚಾನ ಸುದ್ದಿ ಬಂದಾಗ ನಿಂತೆ, ತಾಯಿ ಮುಂದುವರಿಸಿದಳು. ಡಾಕ್ಟರು ಸೂಜಿಯವನಿಗೆ ಪೆಟ್ಟಿಗೆ ಮುಚ್ಚಲು ಹೇಳಿದರು. ಗಡಿಯಾರದ ಬಣ್ಣ ಅಂತ ಮಾರುವುದೆಲ್ಲ ರೇಡಿಯಂ ಅಲ್ಲ, ಬರೀ ಹೊಳೆಯುವ ಪುಡಿಯೂ ಇರುತ್ತದೆ, ಆ ಶೀಶೆ ನೋಡದೆ ನಾನು ಏನೂ ಮಾಡಲಾರೆ ಅಂದರು. ಅದು ಇದ್ದರೆ ತಾ. ಬೇಗ ತಾ.

ತಾಯಿಯನ್ನು ಅವಳ ಹತ್ತಿರ ಬಿಟ್ಟು ನಾನು ಮಕ್ತಲಿಗೆ ಬಂದೆ. ಚಾಚಾನ ಅಂಗಡಿಗೆ ಬೀಗ. ಎದುರಿನ ಚಹಾದವನು ಅವರು ಗದ್ವಾಲಿಗೆ ಹೋಗಿ ವರ್ಷವಾಯಿತು ಅಂದ. ಹರಗೋಲಿನಲ್ಲಿ ಕೃಷ್ಣೆ ದಾಟಿದೆ. ದಾಟುವಾಗ ಎರಡು ಆಸೆ ಇದ್ದವು. ಶೀಶೆ ಸಿಗಲಿ. ಶೀಶೆ ಸಿಕ್ಕರೂ ಅದು ಬರೀ ಪುಡಿಯಾಗಿರಲಿ.

ಗದ್ವಾಲಿನ ಕೋಟೆಯ ಹತ್ತಿರ ಒಂದು ಮೆಟ್ಟಿಲಿನಷ್ಟು ಜಾಗದಲ್ಲಿ ಚಾಚಾ ಕೂತಿದ್ದರು. ಬೆರಳ ತುದಿಗಳು ಸೀಳಿ ಕಪ್ಪಾಗಿದ್ದವು. ವಿಷಯ ಹೇಳಿದೆ. ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟರು. ಆಮೇಲೆ ಡಬ್ಬಿಯ ತಳದಿಂದ ಶೀಶೆ ತೆಗೆದರು. ಇವಳು ಯಾವಾಗಲೋ ಕೊಟ್ಟಿದ್ದ ಸೀರೆ ಅಂಚಿನ ತುಂಡಿನಲ್ಲಿ ಸುತ್ತಿಟ್ಟಿದ್ದರು. ತಳದಲ್ಲಿ ಇಷ್ಟು ಪುಡಿ ಉಳಿದಿತ್ತು. ಇಬ್ಬರೂ ಕಂಬಳಿ ಹೊದ್ದುಕೊಂಡು ಅದರೊಳಗೆ ನೋಡಿದೆವು. ಹೊಳೆಯಲಿಲ್ಲ.

"ಸತ್ತೈತಿ," ಅಂದರು ಚಾಚಾ. "ನೋಡು, ಏನೂ ಇಲ್ಲ ಇದ್ರಾಗ. ಡಾಕ್ಟರ್ ಸಾಬ್ಗೆ ಹೇಳು. ಸತ್ತ ಮಾಲು."

ನನಗೂ ಹಾಗೇ ಅನ್ನಿಸಿತು. ಎದೆ ಹಗುರಾಯಿತು. ಅಂಗಿಯ ಜೇಬಿನಲ್ಲಿ ಎದೆಗೆ ಹತ್ತಿಕೊಂಡಂತೆ ಇಟ್ಟುಕೊಂಡು ಪಟ್ನಕ್ಕೆ ಮರಳಿದೆ.

ಡಾಕ್ಟರು ಶೀಶೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕೋಣೆಯ ಆಚೆ ಮೂಲೆಯಲ್ಲಿ ನೆಲಕ್ಕಿಡು, ಇಟ್ಟು ಬಾ ಅಂದರು. ಆಮೇಲೆ ಒಂದು ಯಂತ್ರ ತರಿಸಿದರು. ರೇಡಿಯಂ ಸೂಜಿ ಹಾಸಿಗೆಯಲ್ಲೋ ಕಸದಲ್ಲೋ ಕಳೆದುಹೋದರೆ ಹುಡುಕಲು ಇಟ್ಟುಕೊಂಡ ಯಂತ್ರವಂತೆ. ಗೋಡೆಗೆ ಹಿಡಿದಾಗ ಆಗೊಮ್ಮೆ ಈಗೊಮ್ಮೆ ಟಿಕ್ ಅಂದಿತು. ಶೀಶೆಗೆ ಹಿಡಿದಾಗ ಬಾಣಲೆಯಲ್ಲಿ ಜೋಳದ ಅರಳು ಹುರಿದ ಹಾಗೆ ಸಿಡಿಯಿತು. ಸತ್ತದ್ದು ಬೆಳಕು ಮಾತ್ರ ಅಂದರು ಡಾಕ್ಟರು. ಬೆಳಕು ಬರುವುದು ಬೇರೆ ಪುಡಿಯಿಂದ, ಅದು ಬೇಗ ಸವೆಯುತ್ತದೆ. ರೇಡಿಯಂ ಸವೆಯಲು ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲವೂ ಸಾಲದು.

ಆಮೇಲೆ ಆ ಯಂತ್ರವನ್ನು ಅವಳ ದವಡೆಗೆ ಹಿಡಿದರು. ಗೋಡೆಗಿಂತ ಜಾಸ್ತಿ, ಶೀಶೆಗಿಂತ ಬಹಳ ಕಡಿಮೆ. ನರ್ಸಿನ ಕೆನ್ನೆಗೆ ಹಿಡಿದರು, ಗೋಡೆಯ ಹಾಗೇ. ಮತ್ತೆ ಅವಳ ದವಡೆಗೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ನನ್ನೊಳಗ ಐತೇನ್ರಿ ಅದು?"

"ಐತಿ ತಾಯಿ. ಎಲುಬು ಅದನ್ನ ಸುಣ್ಣ ಅಂತ ತಿಳಕೊಂಡು ಇಟ್ಕೊಂಡುಬಿಟ್ಟೈತಿ."

"ತೆಗಿಯಾಕ ಬರ್ತೈತೇನ್ರಿ?"

ಡಾಕ್ಟರು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಸೂಜಿ ಇಡುವುದನ್ನು ಬಿಟ್ಟರು. ಇನ್ನೊಂದು ಚೂರು ತೆಗೆದು ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಕಾಣಲಿಲ್ಲ. ಸತ್ತ ಎಲುಬಿನ ತುಂಡು ತೆಗೆದು ಕಳಿಸಿದರು. ರೇಡಿಯಂನಿಂದಲೇ ಹೀಗಾಯಿತೇ ಎಂದು ನಾನು ಕೇಳಿದೆ. ಅಷ್ಟು ಸ್ವಲ್ಪದರಿಂದ ಆಗುತ್ತದೆ ಅಂತಲೂ ಹೇಳಲಾರೆ, ಆಗುವುದಿಲ್ಲ ಅಂತಲೂ ಹೇಳಲಾರೆ ಅಂದರು. ಪ್ರಾಮಾಣಿಕ ಮನುಷ್ಯ. ಒಂದು ಸುಳ್ಳು ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಶೀಶೆಯನ್ನು ಅವರೇ ಇಟ್ಟುಕೊಂಡರು. ಗೋಡೆ ಗಡಿಯಾರದ ಸುದ್ದಿಯನ್ನು ನಾನು ಹೇಳಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಅದೂ ಈಗ ತಿಳಿಯುವುದಿಲ್ಲ.

ಊರಿಗೆ ಬರುವ ದಾರಿಯಲ್ಲಿ ಬಸ್ಸು ಕೆಟ್ಟು ಒಂದು ಬೇವಿನ ಮರದ ಕೆಳಗೆ ಕೂತಿದ್ದೆವು. ತಾಯಿ ನೀರು ತರಲು ಹೋಗಿದ್ದಳು. ನಾನೇ ತಂದುಕೊಟ್ಟೆ ಅಂದೆ ಅವಳಿಗೆ.

"ನೀವು ತಂದ್ರಿ. ಬಾಯಿಗೆ ಇಟ್ಕೊಂಡಾಕಿ ನಾನು. ಚಾಚಾ ಬಟ್ಟಿಗೆ ಒರಸು ಅಂದಿದ್ರು, ಕೇಳಲಿಲ್ಲ." ಸೆರಗಿನಿಂದ ದವಡೆ ಒರೆಸಿಕೊಂಡು ಅಂದಳು, "ಆ ಕೆಲಸ ನನಗ ಚಲೋ ಅನಸ್ತಿತ್ರಿ. ಅದನ್ನ ಕೆಟ್ಟದ್ದು ಅನಬ್ಯಾಡ್ರಿ."

ಅದು ಕ್ಷಮೆಯೋ, ಬೈಗುಳವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವಳು ಇನ್ನೂ ಏಳು ವರ್ಷ ಇದ್ದಳು. ಎಲುಬುಗಳು ಸುಮ್ಮಸುಮ್ಮನೆ ಮುರಿಯುತ್ತಿದ್ದವು. ಕಡೆಯ ತನಕವೂ ಎಳೆ ಕೂಡಿಸಿದಳು, ತುದಿಯನ್ನು ಮಾತ್ರ ಬಟ್ಟಲಿನ ನೀರಿನಲ್ಲಿ ಅದ್ದಿ.

ಅವಳು ಹೋದ ಮೇಲೆ ನಾನು ಅಕ್ಷರ ಕಲಿತೆ. ಆ ಚೀಟಿಯಲ್ಲಿ ಏನಿತ್ತು ಅನ್ನುವುದು ಬೇಕಾಗಿತ್ತು. ಇಂಗ್ಲಿಷ್ ಅಕ್ಷರ ಗುರುತು ಹಿಡಿಯುವಷ್ಟು ಕಲಿತಾಗ ಶೀಶೆ ಎಲ್ಲಿದೆಯೋ, ಡಾಕ್ಟರು ಎಲ್ಲಿದ್ದಾರೋ. ನೆನಪಿನಲ್ಲಿದ್ದ ಆಕಾರಗಳನ್ನು ಕಾಗದದ ಮೇಲೆ ಬರೆದು ಒಬ್ಬ ಮೇಷ್ಟ್ರಿಗೆ ತೋರಿಸಿದೆ. ಇದು ಯಾವ ಶಬ್ದವೂ ಆಗುವುದಿಲ್ಲ ಅಂದರು. ಗಡಿಯಾರವನ್ನು ಏನು ಮಾಡಲಿ ಎಂದು ವಿಜ್ಞಾನ ಓದಿದವರನ್ನು ಕೇಳಿದೆ. ಒಬ್ಬರು, ಗಾಜು ತೆರೆಯಬೇಡಿ, ಕೆರೆಯಬೇಡಿ, ಆ ಧೂಳು ಬಾಯಿಗೆ ಮೂಗಿಗೆ ಹೋಗಬಾರದು, ಸರ್ಕಾರಕ್ಕೆ ತಿಳಿಸಿ ಅಂದರು. ಇನ್ನೊಬ್ಬರು, ಗಾಜಿನೊಳಗೆ ಇದ್ದರೆ ಏನೂ ಆಗದು, ಸುಮ್ಮನೆ ಹೆದರುತ್ತೀರಿ ಅಂದರು. ಇಬ್ಬರೂ ತಿಳಿದವರೇ. ಸರ್ಕಾರದಲ್ಲಿ ಯಾರಿಗೆ ತಿಳಿಸಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಗುಜರಿಯವನು ಸುತ್ತಿಗೆಯಿಂದ ಒಡೆಯುತ್ತಾನೆ. ಅದೊಂದು ನನಗೆ ಖಾತ್ರಿ. ಅದಕ್ಕೇ ನಿನ್ನೆ ಒಂದು ಚೀಟಿ ಟೈಪ್ ಮಾಡಿದೆ. 'ಇದರೊಳಗೆ ರೇಡಿಯಂ ಇದೆ. ಹೊಳೆಯದಿದ್ದರೂ ಇದೆ. ತೆರೆಯಬೇಡಿ, ಒಡೆಯಬೇಡಿ, ಮುಟ್ಟಿದ ಕೈ ಬಾಯಿಗೆ ಇಡಬೇಡಿ.' ಬರೆದು ಮುಗಿಸಿದ ಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಇದನ್ನು ಓದುವವರು ಯಾರು? ಮನೆಯಲ್ಲಿ ಮಾತು ಕನ್ನಡವೇ, ಆದರೆ ಮೊಮ್ಮಕ್ಕಳು ಓದುವುದು ತೆಲುಗು ಶಾಲೆಯಲ್ಲಿ.

ಮೊಮ್ಮಗಳನ್ನು ಕರೆದೆ. ನಾನು ಹೇಳಿದ್ದನ್ನು ತೆಲುಗಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು, ಕೆಂಪು ಮಸಿಯಲ್ಲಿ. ಎರಡೆರಡು ಸಲ ಓದಿಸಿ ಕೇಳಿದೆ. ಅಂಟಿನ ಚೀಟಿ ಅದು. ಗಡಿಯಾರವನ್ನು ಮಗುಚಿ ಹಿಡಿದಿದ್ದಳು, ಚೀಟಿಯ ಹಿಂಭಾಗವನ್ನು ತೇವ ಮಾಡಲು ನಾಲಿಗೆ ಹೊರಗೆ ಹಾಕಿದಳು.

ಅವಳ ಕೈ ಹಿಡಿದೆ. ಜೋರಾಗಿಯೇ ಹಿಡಿದೆ ಅಂತ ಕಾಣುತ್ತದೆ, ಹುಡುಗಿ ಹೆದರಿದಳು.

"ನೀರು ತಾ ಬೇ," ಅಂದೆ.

ಅವಳು ಬಟ್ಟಲಲ್ಲಿ ನೀರು ತಂದಳು.